ಡಾಕ್ಟರನ್ನು ಒದೆಯಬಾರದೆಂಬ ಹಠ

ನಾನು ಮಹಾ ಹಟಮಾರಿ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಒಪ್ಪದಿರುವುದು ನನ್ನ ಎಡಮೊಣಕಾಲು ಒಂದೇ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಶಿವಾಜಿನಗರದ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಬಾಣಸವಾಡಿಯಿಂದ ದಿನಾ ಸ್ಕೂಟರಿನಲ್ಲಿ ಗುಂಡಿ ಹಾರಿಸಿ ಹಾರಿಸಿ ಸೊಂಟ ಹಿಡಿದುಕೊಂಡಿತ್ತು. ಹದಿನೈದು ದಿನದಿಂದ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಆಗದು. ಎಡಗಾಲು ಬೇರೆ ಜೋಮು. ಹೆಂಡತಿ ಹಲಸೂರಿನ ಡಾಕ್ಟರೊಬ್ಬರ ಬಳಿ ಎಳೆದುಕೊಂಡು ಹೋದಳು.

"ಮಂಡಿ ಕೆಳಗೆ ತಟ್ಟಿ ನೋಡ್ತೀನಿ ಮೇಷ್ಟ್ರೇ. ಕಾಲು ಹಾರದೇ ಇದ್ರೆ ನರ ಒತ್ಕೊಂಡಿರ್ಬಹುದು. ಆಮೇಲೆ ಆಪರೇಷನ್ ಮಾತು ಆಡ್ಬೇಕಾಗತ್ತೆ" ಎಂದರು ಅವರು.

ದಿನವಿಡೀ ನಿಂತು ಪಾಠ ಹೇಳುವವನಿಗೆ ಕಾಲೇ ಅನ್ನ.

ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತೆ. ಎದುರಿಗೇ ಸ್ಟೂಲಿನ ಮೇಲೆ ಡಾಕ್ಟರು, ನನ್ನ ಅಪ್ಪನ ವಯಸ್ಸಿನವರು. ಕಾಲು ಹಾರಿದರೆ ತಗಲುವುದು ನೇರ ಅವರಿಗೇ! ಛೇ, ಹಿರಿಯರನ್ನು ಒದೆಯುವುದುಂಟೆ? ಪರೀಕ್ಷೆ ಏತಕ್ಕೆಂಬುದೇ ಮರೆತು ತೊಡೆ ಬಿಗಿಹಿಡಿದೆ. ರಬ್ಬರ್ ಸುತ್ತಿಗೆ ಟಪ್ ಎಂದಿತು. ಕಾಲು ಕದಲಲಿಲ್ಲ. ಇನ್ನೊಮ್ಮೆ ಟಪ್. ಊಹೂಂ. ಗೆದ್ದೆ ಎಂದುಕೊಂಡೆ. ಡಾಕ್ಟರ ಮುಖ ಮಾತ್ರ ಸಣ್ಣಗಾಯಿತು.

"ಸಾರ್, ಇವ್ರು ಹಲ್ಲು ಕಚ್ಕೊಂಡಿದ್ದಾರೆ ನೋಡಿ!" ಎಂದಳು ಹೆಂಡತಿ.

"ಹೌದಾ? ಎರಡೂ ಕೈಬೆರಳು ಕೊಂಡಿ ಹಾಕ್ಕೊಂಡು ಜೋರಾಗಿ ಎಳೀರಿ."

ಗಮನವೆಲ್ಲ ಕೈಗೆ ಹೋಯಿತು. ಟಪ್!

ತಟ್ಟಿದ ಸುದ್ದಿ ತೊಡೆಯಿಂದ ಬೆನ್ನುಹುರಿಗೆ ಹೋಗಿ, ಅಲ್ಲಿಂದಲೇ 'ಒದಿ' ಎಂದು ಹುಕುಂ ವಾಪಸು ಬರುತ್ತದಂತೆ. ಮಿದುಳಿಗೆ ವಿಷಯ ಮುಟ್ಟುವುದು ಎಲ್ಲ ಮುಗಿದ ಮೇಲೆ. ಮನೆಯ ಯಜಮಾನನೆನಿಸಿಕೊಂಡ ನನಗೆ ಈ ಏರ್ಪಾಡು ಹೊಸದೇನಲ್ಲ.

ಒದೆ ಡಾಕ್ಟರ ಮೊಣಕಾಲಿಗೇ ಬಿತ್ತು. "ಅಯ್ಯೋ!" ಎಂದವನೇ ಮಂಚದಿಂದಿಳಿದು ಸರಕ್ಕನೆ ಬಗ್ಗಿ, ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹಾಗೇ ಸಿಕ್ಕಿಹಾಕಿಕೊಂಡೆ. ಸೊಂಟ ಮೇಲೇಳಲೊಲ್ಲದು.

"ಕಾಲು ಚೆನ್ನಾಗೇ ಹಾರ್ತು, ಆಪರೇಷನ್ ಸದ್ಯಕ್ಕೆ ಬೇಡ" ಎಂಬ ದನಿ ತಲೆಯ ಮೇಲಿಂದ ಬಂತು. "ಈ ನಮಸ್ಕಾರ ಯಾವ ನರದ್ದು?"

"ಅದು ನಮ್ಮತ್ತೆ ಬೆಳೆಸಿದ್ದು ಸಾರ್" ಎಂದಳು ಹೆಂಡತಿ.

ಅಬ್ಬ, ಕಾಲು ಉಳಿಯಿತು! ಆದರೆ ಒದೆಯುವಾಗ, ಬಗ್ಗುವಾಗ ನನ್ನನ್ನೊಂದು ಮಾತು ಕೇಳದ ಮೈ, ಏಳುವ ಕೆಲಸವನ್ನು ಪೂರ್ತಿ ನನಗೇ ಬಿಟ್ಟಿತ್ತು. ಇಬ್ಬರೂ ರಟ್ಟೆ ಹಿಡಿಯಲು ಬಂದರು.

"ಬೇಡಿ, ನಾನೇ ಏಳ್ತೀನಿ" ಎಂದೆ.

ಎದ್ದೆ. ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೆ.