ಕುಂಕುಮಕ್ಕೊಂದು ಜಾಗ

ನಂಜುಂಡ ಮೇಷ್ಟ್ರ ಮನೆಯಲ್ಲಿ ತಿಂಡಿ ಡಬ್ಬಿ ತೆರೆಯಲು ಧೈರ್ಯ ಬೇಕಿತ್ತು. ಚಕ್ಕುಲಿಯ ಆಸೆಗೆ ಮುಚ್ಚಳ ತೆಗೆದರೆ ಒಳಗೆ ಬಣ್ಣಬಣ್ಣದ ವೈರು, ಅಂಗೈಗಿಂತ ಚಿಕ್ಕದೊಂದು ಕಂಪ್ಯೂಟರ್ ಬೋರ್ಡು, ಮಿಣುಕುವ ಹಸಿರು ದೀಪ. "ಚಕ್ಲಿ ಇಡಕ್ಕೆ ಒಂದ್ ಡಬ್ಬಿ ಉಳಿಸ್ನಿಲ್ಲ ಕಣಪ್ಪ ಇವ್ರು" ಎಂದು ಅವರ ಹೆಂಡತಿ ಗೌರಮ್ಮ ಗೊಣಗುತ್ತಲೇ ನನಗೆ ಕಾಫಿ ಕೊಡುತ್ತಿದ್ದರು.

ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ನಮಗೆ ಡ್ರಾಯಿಂಗ್ ಕಲಿಸಿದ ಮೇಷ್ಟ್ರಿಗೆ ಈ ಹುಚ್ಚು ಹಿಡಿದದ್ದು ರಿಟೈರಾದ ಮೇಲೆ. ಬೋರ್ಡಿಗೆ ಅವರಿಟ್ಟ ಹೆಸರು 'ಮರಿ'. ವೈರು ಸಿಕ್ಕಿಸಿ, ಕನ್ನಡಕ ಹಣೆಗೇರಿಸಿ, "ಮರಿ ಎದ್ದದಾ ನೋಡ್ಲಾ" ಎನ್ನುವರು. ಏಳದಿದ್ದರೆ, "ಮನಗಿರ್ಲಿ ಬುಡು, ಇನ್ನೊಂದ್ ಕಾಫಿ ಕುಡಿಯವ." ಬೆಕ್ಕು ಅಡುಗೆಮನೆಗೆ ನುಗ್ಗಿದರೆ ಗೌರಮ್ಮನವರ ದನಿಯಲ್ಲಿ ಗದರುವ ಮರಿಯೊಂದಿತ್ತು. ಬೆಕ್ಕು ಹೆದರಲಿಲ್ಲ, ಮೇಷ್ಟ್ರೇ ಬೆಚ್ಚಿಬೀಳುತ್ತಿದ್ದರು.

ಮಧುವನಹಳ್ಳಿಯ ನಮ್ಮ ಮನೆಗೂ ಒಂದು ಮರಿ ಬಂತು, ಅವ್ವನ ಸಲುವಾಗಿ. ರೇಷ್ಮೆ ಹುಳು ಸಾಕುವ ಅವ್ವ ಊರು ಬಿಟ್ಟು ಕದಲಿದವಳಲ್ಲ. ಯಳಂದೂರಿನಲ್ಲಿದ್ದ ಅವಳ ತಂಗಿ ಪ್ರತಿ ಆಯುಧಪೂಜೆಗೂ ಊಟಕ್ಕೆ ಕರೆಯುತ್ತಿದ್ದಳು. ಅವ್ವನದು ಒಂದೇ ಉತ್ತರ: "ನಾ ಬಂದ್ರೆ ಉಳಾವ ನೋಡ್ಕಳರು ಯಾರವ್ವ?" ಇದನ್ನು ಕೇಳಿದ ಮೇಷ್ಟ್ರು, ಹುಳುಮನೆಯ ಶಾಖ, ತೇವ ಅಳೆದು ಹೆಚ್ಚುಕಡಿಮೆಯಾದರೆ ಫೋನ್ ಮಾಡುವ ಡಬ್ಬಿಯೊಂದನ್ನು ತಂದು ತೂಗುಹಾಕಿದರು. "ನಿಮ್ಮವ್ವ ತಂಗಿ ಮನೇಲಿ ಉಂಡು ಒಂದ್ ನಿದ್ದೆ ಒಡುದ್ರೆ ಮರಿ ಪಾಸು ಕಣ್ಲಾ" ಎಂದರು.

ಆ ವರ್ಷ ಹಬ್ಬದ ದಿನ ಹುಳುಗಳು ಜ್ವರಕ್ಕೆ ಕೂತಿದ್ದವು, ಅಂದರೆ ಪೊರೆ ಬಿಡುವ ಹೊತ್ತು. ಸೊಪ್ಪು ಹಾಕುವ ಕೆಲಸವಿಲ್ಲ, ತೇವ ಮಾತ್ರ ಏರಬಾರದು. ಅವ್ವ ಕುಡುಗೋಲು, ಪಂಪು, ಡಬ್ಬಿ ಎಲ್ಲಕ್ಕೂ ಪೂಜೆ ಮಾಡಿ, ಬೀಗ ಹಾಕಿ, ನನ್ನ ಜೊತೆ ಬಸ್ಸು ಹತ್ತಿದಳು. ಎಲೆಗೆ ಒಬ್ಬಟ್ಟು ಬೀಳುವಷ್ಟರಲ್ಲಿ ಡಬ್ಬಿಯ ಫೋನು ಬಂತು: ತೇವ ವಿಪರೀತ. ನಾನು ಮೇಷ್ಟ್ರಿಗೆ ಸುದ್ದಿ ಮುಟ್ಟಿಸುವ ಹೊತ್ತಿಗೆ ಅವ್ವ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು.

ನಾವು ಊರು ಮುಟ್ಟಿದಾಗ, ಮೊಪೆಡ್ಡಿನಲ್ಲಿ ಬಂದ ಮೇಷ್ಟ್ರು ಹುಳುಮನೆ ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಹುಳುಗಳು ತಲೆಯೆತ್ತಿಕೊಂಡು ನೆಮ್ಮದಿಯಾಗಿ ಕೂತಿದ್ದವು. ಡಬ್ಬಿ ನೋಡಿದವರೇ ಮೇಷ್ಟ್ರು ನಗತೊಡಗಿದರು. ತೇವ ಹಿಡಿಯುವ ಸಣ್ಣ ತೂತುಗಳ ಮೇಲೆ ಅವ್ವ ಹಸಿ ಗಂಧ ಮೆತ್ತಿ, ನಡುವೆ ಕುಂಕುಮ ಇಟ್ಟಿದ್ದಳು.

"ತಪ್ಪಾಯ್ತು ಸಾ" ಎಂದಳು ಅವ್ವ, ಮುಖ ಸಣ್ಣಗೆ ಮಾಡಿಕೊಂಡು.

"ನಿಂದೇನ್ ತಪ್ಪು ತಾಯಿ? ಮೂಗ್ಗೆ ಗಂಧ ಮೆತ್ತಿದ್ರೆ ಮರಿ ಕಿರುಚ್ಕಳದೆ ಇನ್ನೇನ್ ಮಾಡಾದು? ಬೊಟ್ಟಿಗೆ ಜಾಗ ಬುಡ್ದೆ ಇದ್ದೋನು ನಾನು." ತೂತು ಒರೆಸಿ, ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಒಂದೇ ಕೈಗೆ ದುಂಡನೆಯ ಸುತ್ತು ಬರೆದರು. "ಇನ್ಮ್ಯಾಕೆ ಇಲ್ಲಿಕ್ಕು."

ಮುಂದಿನ ಹಬ್ಬಕ್ಕೆ ಅವ್ವ ಯಳಂದೂರಿನಲ್ಲಿ ಹೊಟ್ಟೆತುಂಬ ಉಂಡು, ತಂಗಿಯ ನಡುಮನೆಯಲ್ಲಿ ಗೊರಕೆ ಹೊಡೆದಳು. ನಾನು ಆ ಗೊರಕೆಯನ್ನು ಫೋನಿನಲ್ಲಿ ಮೇಷ್ಟ್ರಿಗೆ ಕೇಳಿಸಿದೆ. "ಪಾಸು ಕಣ್ಲಾ, ಪಾಸು!" ಎಂದು ಕೂಗಿ ಗೌರಮ್ಮನವರನ್ನೂ ಕರೆದು ಕೇಳಿಸಿದರು. ನಾನು ಅವರ ದನಿ ಕೇಳಿದ್ದು ಅದೇ ಕೊನೆ. ಆ ಚಳಿಗಾಲದಲ್ಲಿ ಮೇಷ್ಟ್ರು ತೀರಿಕೊಂಡರು.

ಈಗ ಡಬ್ಬಿ ಮಾಡಿಕೊಡುವವನು ನಾನು. ಕುಂತೂರಿನಿಂದಲೂ ಕೇಳಿಕೊಂಡು ಬರುತ್ತಾರೆ. ವೈರೆಲ್ಲ ಆಮೇಲೆ, ಮೊದಲು ಮುಚ್ಚಳದ ಮೇಲೆ ಕೆಂಪು ಸುತ್ತು ಬರೆಯುತ್ತೇನೆ. ಅವರಷ್ಟು ದುಂಡಗೆ ನನಗಿನ್ನೂ ಬಂದಿಲ್ಲ.