ಒಂದೇ ಒಲೆ

ಪುಣೆಯ ಒಂದು ಪತ್ರಿಕಾ ಕಚೇರಿಯಲ್ಲಿ ನಾನು ಕರಡು ತಿದ್ದುತ್ತಿದ್ದೆ. ತೊಂಬತ್ತರ ದಶಕದ ನಡುವೆ ರಜೆ ಹಾಕಿ ಒಂದು ಸಮೀಕ್ಷೆಗೆ ಸೇರಿಕೊಂಡೆ. ಜಿಲ್ಲೆಯ ಪ್ರತಿ ತಾಲ್ಲೂಕಿನಲ್ಲೂ ಸಾಧಾರಣ ಕುಟುಂಬವೊಂದರ ಆದಾಯವನ್ನು ಅಂದಾಜು ಮಾಡಬೇಕು, ಕೆಲವು ವರ್ಷಗಳಿಗೊಮ್ಮೆ ಅದೇ ಮನೆಗಳಿಗೆ ಮತ್ತೆ ಹೋಗಬೇಕು.

ಸರಾಸರಿ ತೆಗೆಯಬೇಡಿ ಎಂದು ಮೇಲ್ವಿಚಾರಕರು ಮೊದಲ ದಿನವೇ ಹೇಳಿದ್ದರು. ಬಾರಾಮತಿಯ ನಾಲ್ಕು ಕಬ್ಬಿನ ಧಣಿಗಳು ಸೇರಿದರೆ ಇಡೀ ತಾಲ್ಲೂಕು ಸಿರಿವಂತವಾಗಿ ಕಾಣುತ್ತದೆ. ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ಯಾವುದು ಬರುತ್ತದೋ ಅದರ ಆದಾಯವೇ ತಾಲ್ಲೂಕಿನದು. ಮನೆ ಎಂದರೆ ಒಂದು ಒಲೆಯಲ್ಲಿ ಬೇಯಿಸಿ ಉಣ್ಣುವವರು. ಕೇಳಿದ್ದನ್ನು ಬರೆಯಬೇಕು, ಊಹಿಸಬಾರದು. ಕೊನೆಯ ನಿಯಮ ನನಗೆ ಪತ್ರಿಕೆಯಿಂದಲೇ ರೂಢಿಯಾಗಿತ್ತು.

ಕನ್ನಡ ಬರುತ್ತದೆಂದು ನನ್ನನ್ನು ಪುಣೆಯ ಪಕ್ಕದ ಭೋಸರಿಗೆ ಕಳಿಸಿದರು. ಕಾರ್ಖಾನೆಗಳ ಹಿಂದೆ ತಗಡಿನ ಮನೆಗಳ ಸಾಲಿತ್ತು. ಮೊದಲ ಮೂರರಲ್ಲಿ ಕಲಬುರಗಿ ಕಡೆಯ ಮೂವರು ಅಣ್ಣತಮ್ಮಂದಿರು ಹೆಂಡಿರು ಮಕ್ಕಳೊಂದಿಗೆ ಇದ್ದರು. ಗಂಡಸರು ಎರಕದ ಕೆಲಸಕ್ಕೆ ಹೋಗಿದ್ದರು. ಹಿರಿಯ ಸೊಸೆ ಉತ್ತರ ಕೊಟ್ಟಳು. ಅತ್ತೆ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದಳು.

"ಎಷ್ಟು ಒಲಿ ಅದಾವ್ರಿ?"

"ಒಂದೇ ಒಲಿರಿ. ನಮ್ಮದು ಕೂಡಿದ ಮನಿ."

ಮೂರು ಬಾಗಿಲ ಮುಂದೆ ಮೂರು ಒಲೆ ಉರಿಯುತ್ತಿದ್ದವು. ಕಿರಿಯ ಸೊಸೆ ರೊಟ್ಟಿ ತಟ್ಟುತ್ತ ನಕ್ಕಳು. "ನಮ್ಮಕ್ಕನ ಬಾಯಾಗ ಒಂದೇ ಒಲಿ. ಹೊಗಿ ಮಾತ್ರ ಮೂರು ಕಡೆ ಬರ್ತದ ನೋಡ್ರಿ."

ಆ ಕಡೆಯವರ ಮಾತಿನಲ್ಲಿ ಒಲೆ ಬೇರೆಯಾಯಿತೆಂದರೆ ಮನೆ ಒಡೆಯಿತೆಂದೇ ಅರ್ಥ. ಅತ್ತೆ ಬದುಕಿರುವಾಗ ಯಾವ ಸೊಸೆಯೂ ಆ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಒಲೆಯ ಕಾಲಮ್ಮಿನಲ್ಲಿ ಒಂದು ಎಂದು ಬರೆದು, ಮೂವರ ಪಗಾರ ಕೂಡಿಸಿದೆ. ಮೂರು ಬಡ ಮನೆಗಳು ಕಾಗದದಲ್ಲಿ ಒಂದು ಅನುಕೂಲಸ್ಥ ಮನೆಯಾದವು.

ನಮ್ಮ ಹಾಳೆಗಳ ಒಂದು ಪ್ರತಿ ಬೇರೆ ಕಚೇರಿಗೂ ಹೋಗುತ್ತದೆಂದು ಆಗ ಯಾರೂ ಹೇಳಿರಲಿಲ್ಲ.

ಎರಡನೆಯ ಸುತ್ತಿಗೆ ಹೋದಾಗ ಹೊಸ ಶತಮಾನ ಶುರುವಾಗಿತ್ತು. ಸಾಲಿನ ಎದುರಿನ ಬಯಲಿಗೆ ಬಿಲ್ಡರೊಬ್ಬ ತಂತಿ ಬೇಲಿ ಹಾಕಿಸಿದ್ದ. ಹಿರಿಯ ಸೊಸೆ ನನ್ನನ್ನು ಗುರುತು ಹಿಡಿದು, ಒಳಗಿಂದ ಹಳದಿ ರೇಷನ್ ಕಾರ್ಡು ತಂದಳು. ಅಗ್ಗದ ಗೋಧಿ, ಅಕ್ಕಿ ಸಿಗುತ್ತಿದ್ದುದು ಅದರ ಮೇಲೆಯೇ.

"ಇದು ರದ್ದಾಗ್ತದಂತ್ರಿ. ನಿಮ್ಮ ಯಾದ್ಯಾಗ ಮೂರೂ ಮಂದಿ ಪಗಾರ ಒಂದೇ ಮನಿಗೆ ಹಿಡದಾರಂತ. ಇವತ್ತ ಸಾಹೇಬ್ರು ಕೇಳಾಕ ಬರ್ತಾರ. ನೀವು ಬರದದ್ದು ನೀವೇ ಅಳಸ್ರಿ."

"ನನ್ನಿಂದ ಆಗೂದಿಲ್ರಿ. ಮೂರು ಒಲಿ ಅಂತ ನೀವೇ ಹೇಳಬೇಕು."

"ಅತ್ತಿ ಮುಂದ?"

ಮಧ್ಯಾಹ್ನ ರೇಷನ್ ಕಚೇರಿಯ ಗುಮಾಸ್ತ ಬಂದ. ಜೊತೆಗೆ ಇನ್ನೊಬ್ಬನಿದ್ದ. ಆತ ಏನನ್ನೂ ಕೇಳದೆ, ಬೇಲಿಯಿಂದ ಬಾಗಿಲವರೆಗೆ ಹೆಜ್ಜೆ ಎಣಿಸುತ್ತಿದ್ದ.

"ಚುಲೀ ಕಿತೀ?" ಎಂದು ಗುಮಾಸ್ತ ಮರಾಠಿಯಲ್ಲಿ ಕೇಳಿದ. ಒಲೆ ಎಷ್ಟು ಎಂದು ನಾನು ಕನ್ನಡದಲ್ಲಿ ಹೇಳಿದೆ. ಹಿರಿಯ ಸೊಸೆಗೆ ಮರಾಠಿ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಅತ್ತೆ ಹೊಸ್ತಿಲಿಂದ ಮೆಲ್ಲಗೆ ಅಂದಳು: "ಹೇಳವಾ. ನಿನ್ನ ಬಾಯಿಂದನ ಮನಿ ಒಡಿ."

ಕಿರಿಯ ಸೊಸೆ ಈ ಸಲ ನಗಲಿಲ್ಲ. ಹಿರಿಯಳು ಕಾರ್ಡನ್ನು ಸೆರಗಿನಲ್ಲಿ ಒರೆಸಿದಳು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

"ಒಂದೇ ಒಲಿರಿ," ಎಂದಳು.

ಗುಮಾಸ್ತ ಮೂರೂ ಹೊಗೆಯನ್ನು ನೋಡಿದ, ನನ್ನನ್ನು ನೋಡಿದ. ನಾನು ಮರಾಠಿಯಲ್ಲಿ ಒಂದು ಎಂದೆ. ಆತ ಕಾರ್ಡಿಗೆ ಕೈ ಚಾಚಿದ.

ಮೂರನೆಯ ಸುತ್ತಿನಲ್ಲಿ ಆ ಸಾಲೇ ಇರಲಿಲ್ಲ. ಬೇಲಿ ಆ ಜಾಗವನ್ನೂ ಒಳಗೆ ಹಾಕಿಕೊಂಡಿತ್ತು. ಅದರಾಚೆ ಪಾಯ ತೋಡಿದ್ದರು. ಪೇಟೆಯ ಧಾನ್ಯ ಕೊಂಡು ಒಂದು ವರ್ಷ ತಳ್ಳಿದರೆಂದು ಮೂಲೆಯ ಪಾನ್ ಅಂಗಡಿಯವನು ಹೇಳಿದ. ಆಮೇಲೆ ತಮ್ಮಂದಿರಲ್ಲಿ ಒಬ್ಬ ಬಾರಾಮತಿಯ ಕಬ್ಬಿನ ಕಡೆ ಹೋದ, ಒಬ್ಬ ಜೇಜುರಿಯ ದಾರಿಯ ಯಾವುದೋ ಇಟ್ಟಿಗೆ ಭಟ್ಟಿಗೆ. ಹಿರಿಯವನ ಸಂಸಾರ ಎಲ್ಲಿ ಹೋಯಿತೋ ಅಂಗಡಿಯವನಿಗೂ ಗೊತ್ತಿರಲಿಲ್ಲ. ಅತ್ತೆ ಯಾರ ಜೊತೆ ಹೋದಳೆಂದು ನಾನು ಕೇಳಲಿಲ್ಲ.

ನಿಯಮದಂತೆ 'ಮನೆ ಸಿಗಲಿಲ್ಲ' ಎಂದು ಬರೆದೆ. ಅದರ ಬದಲಿಗೆ ರಸ್ತೆಯಾಚೆಯ ಹೊಸ ಕಟ್ಟಡದ ಒಂದು ಫ್ಲ್ಯಾಟನ್ನು ಆರಿಸಿಕೊಟ್ಟರು. ಬಾಗಿಲು ತೆರೆದ ಹೆಂಗಸಿಗೆ ಒಲೆ ಎಷ್ಟು ಎಂದು ಕೇಳಿದೆ. ಗ್ಯಾಸಿಗೆ ಎಷ್ಟು ಬರ್ನರ್ ಎಂದು ಕೇಳುತ್ತಿದ್ದೇನೆಂದುಕೊಂಡು ಆಕೆ ನಾಲ್ಕು ಎಂದಳು. ಆ ಉತ್ತರವನ್ನು ಅಲ್ಲೇ ತಿದ್ದಿದೆ.

ಕಚೇರಿಯಲ್ಲಿ ಹಳೆಯ ಹಾಳೆ ತೆಗೆಸಿ, ಪೆನ್ಸಿಲಿನಲ್ಲಿ 'ಒಂದು' ಎಂಬುದನ್ನು ಹೊಡೆದು ಹಾಕಿ ಪಕ್ಕದಲ್ಲಿ 'ಮೂರು' ಎಂದು ಬರೆದು ಸಹಿ ಮಾಡಿದೆ. ಮೇಲ್ವಿಚಾರಕರು ಅದನ್ನು ಓದಿ ರಬ್ಬರು ತೆಗೆದುಕೊಂಡರು. ಸಿಗದ ಮನೆಗೆ ತಿದ್ದುಪಡಿ ಇಲ್ಲ ಎಂದರು. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ.

ಆಮೇಲೆ ನನಗೆ ಹೊಸ ಅಂದಾಜು ತೋರಿಸಿದರು. ನಮ್ಮ ತಾಲ್ಲೂಕಿನ ನಡುವಿನ ಮನೆಯ ಆದಾಯ ಹಿಂದಿನ ಸುತ್ತಿಗಿಂತ ಮೇಲೇರಿತ್ತು.