ಅಣ್ಣನ ಕ್ಷೌರದ ಕತ್ತಿ

ಒಂದೇ ಕ್ಷೌರದಂಗಡಿಯಲ್ಲಿ ಅಕ್ಕಪಕ್ಕ ನಿಂತು ಕೆಲಸ ಮಾಡುತ್ತಿದ್ದ ಆ ಅಣ್ಣತಮ್ಮಂದಿರು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಗಿರಾಕಿಗಳೆದುರು ಅಣ್ಣ ಒಮ್ಮೆ ತಮ್ಮನನ್ನು ಗದರಿಸಿದ್ದೇ ನೆಪ. ಏನಾದರೂ ಬೇಕಾದರೆ ಅಣ್ಣ ತನ್ನ ಗಿರಾಕಿಗೆ ಹೇಳುತ್ತಿದ್ದ: "ಆ ಎಣ್ಣೆ ಡಬ್ಬಿ ಈ ಕಡೆ ಕೊಡೋಕೆ ಹೇಳಿ ಸ್ವಾಮಿ."

ಒಂದು ಗುರುವಾರ ಒಬ್ಬರ ಗಡ್ಡ ಅರ್ಧ ಬೋಳಿಸಿದ್ದಾಗಲೇ ಅಣ್ಣ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ನಾಲ್ಕನೇ ದಿನ ಅಂಗಡಿಯನ್ನು ತಮ್ಮ ತೆರೆದಾಗ ಅಣ್ಣನ ಕತ್ತಿ ನೀರಿನ ಬೋಗುಣಿಯಲ್ಲೇ ಬಿದ್ದಿತ್ತು. ಅಲಗಿನ ಮೇಲೆ ಕಂದು ಚುಕ್ಕೆಗಳೆದ್ದಿದ್ದವು. ಅವನು ನುಣುಪಾದ ಬೂದಿಯಿಂದ ತುಕ್ಕು ಉಜ್ಜಿದ, ಬಿಸಿನೀರಲ್ಲಿ ತೊಳೆದ, ಹಿಡಿಯ ಸಂದಿಯಲ್ಲೂ ತೇವ ಉಳಿಯದಂತೆ ಒರೆಸಿ ಒಂದು ತೊಟ್ಟು ಎಣ್ಣೆ ಸವರಿದ. ಈಗಲಾದರೂ ಅಳು ಬರಬಹುದೆಂದು ಕಾದ. ಬರಲಿಲ್ಲ.

ಅಣ್ಣನ ಸಾಮಾನು ಒಯ್ಯಲು ಅತ್ತಿಗೆ ಬಂದಳು.

"ಹೋಗೋರು ಹೋದ್ರು. ಇದಕ್ಯಾಕಪ್ಪ ಇಷ್ಟು ಉಪಚಾರ?"

"ಹಾಗೇ ಬಿಟ್ರೆ ತುಕ್ಕು ತಿಂದುಬಿಡುತ್ತೆ ಅತ್ತಿಗೆ."

"ನೀನೇ ಇಟ್ಕೋ. ಮನೇಲಿ ನಂಗೆ ಇದ್ಯಾಕೆ?"

"ಆಯ್ತು" ಅಂದ.

ಅಷ್ಟರಲ್ಲಿ ಗಿರಾಕಿಯೊಬ್ಬ ಒಳಬಂದು ಅಣ್ಣನ ಕುರ್ಚಿಯಲ್ಲಿ ಕೂತ. ತಮ್ಮ ಬೇಡವೆನ್ನಲಿಲ್ಲ, ಬಟ್ಟೆ ಹೊದಿಸಿ ಕೆನ್ನೆಗೆ ನೊರೆ ಹಚ್ಚತೊಡಗಿದ.